ಬೀಸೋ ದೊಣ್ಣೆ ಮತ್ತು ಮೀನಖಂಡ

‘ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು’ ಎಂಬ ಗಾದೆ ವೀರರಿಗಾಗಿ ಹುಟ್ಟಿದ್ದಲ್ಲ. ಎದೆಯೊಡ್ಡಿ ನಿಲ್ಲು ಎಂದು ಅದು ಹೇಳುವುದಿಲ್ಲ. ಈ ಹೊತ್ತಿಗೆ ಬಗ್ಗಿ ಉಳಿದುಕೊ, ಮಿಕ್ಕಿದ್ದು ನಾಳೆಗಾಯಿತು ಎನ್ನುತ್ತದೆ. ಗಾಯಗೊಂಡ ಆಟಗಾರನನ್ನು ಋತುವಿನ ಕೊನೆಯಲ್ಲಿ ಕಣಕ್ಕಿಳಿಸಬೇಕೇ ಎಂಬ ಪ್ರಶ್ನೆಗೆ ಈ ಮಾತು ಚೆನ್ನಾಗಿ ಹೊಂದುತ್ತದೆ, ಆದರೆ ಒಂದು ಹಂತದವರೆಗೆ ಮಾತ್ರ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯ. ಪ್ಲೇಆಫ್ ಸ್ಥಾನ ಖಚಿತವಾದ ಮೇಲೆ ನೋವಿರುವ ತಾರೆಯನ್ನು ಬೆಂಚಿನಲ್ಲಿ ಕೂರಿಸಲು ತಂಡ ಹೆಚ್ಚು ಯೋಚಿಸುವುದಿಲ್ಲ. ಟಿಕೆಟ್ ಕೊಂಡು ಬಂದವರಿಗೆ ಬೇಸರವಾಗುತ್ತದೆ, ಲೀಗಿಗೂ ಇದು ಹಿಡಿಸದು. 2012ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತನ್ನ ಮುಖ್ಯ ಆಟಗಾರರನ್ನು ಮಯಾಮಿ ಪಂದ್ಯಕ್ಕೆ ಮುನ್ನ ಮನೆಗೆ ಕಳಿಸಿ 2.5 ಲಕ್ಷ ಡಾಲರ್ ದಂಡ ತೆತ್ತಿತು. 2023–24ರಿಂದ ಪ್ರಮುಖ ಪ್ರಶಸ್ತಿಗಳಿಗೆ 65 ಪಂದ್ಯ ಆಡಿರಬೇಕೆಂಬ ನಿಯಮವೂ ಬಂತು. ಬಗ್ಗಿದವನಿಗೂ ಖರ್ಚು ಇದ್ದೇ ಇದೆ.

ಕಷ್ಟ ಶುರುವಾಗುವುದು ಫೈನಲ್‌ನಲ್ಲಿ. 2019ರಲ್ಲಿ ಎರಡು ದಾರಿಗಳೂ ಒಂದೇ ಅಂಕಣದಲ್ಲಿ ಎದುರಾದವು. ಟೊರಾಂಟೊ ರ‍್ಯಾಪ್ಟರ್ಸ್‌ನ ಕವಾಯ್ ಲೆನಾರ್ಡ್ ತೊಡೆಯ ಸ್ನಾಯುವಿನ ತೊಂದರೆಯಿಂದ ಹಿಂದಿನ ಋತುವಿನಲ್ಲಿ ಒಂಬತ್ತೇ ಪಂದ್ಯ ಆಡಿದ್ದರು. ಹೊಸ ತಂಡ ಅವರನ್ನು ಲೀಗ್ ಹಂತದಲ್ಲಿ 60 ಪಂದ್ಯಗಳಿಗಷ್ಟೇ ಇಳಿಸಿತು. ಜೂನ್‌ನಲ್ಲಿ ತಂಡಕ್ಕೆ ಚಾಂಪಿಯನ್‌ಪಟ್ಟ, ಲೆನಾರ್ಡ್‌ಗೆ ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದವು. ಎದುರಾಳಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕೆವಿನ್ ಡುರಾಂಟ್ ಮೇ 8ರಂದು ಬಲಗಾಲಿನ ಮೀನಖಂಡ ನೋಯಿಸಿಕೊಂಡು ಒಂದು ತಿಂಗಳು ಹೊರಗಿದ್ದರು. ಫೈನಲ್ ಸರಣಿಯಲ್ಲಿ ತಂಡ 1–3ರಿಂದ ಹಿಂದೆ ಬಿದ್ದಾಗ, ಜೂನ್ 10ರ ಐದನೇ ಪಂದ್ಯಕ್ಕೆ ಇಳಿದರು. ಹನ್ನೆರಡು ನಿಮಿಷದೊಳಗೆ 11 ಅಂಕ ಗಳಿಸಿದ್ದರು. ಎರಡನೇ ಕ್ವಾರ್ಟರಿನಲ್ಲಿ ಅದೇ ಕಾಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಆ ಪಂದ್ಯವನ್ನು ವಾರಿಯರ್ಸ್ 106–105ರಿಂದ ಗೆದ್ದಿತು, ಮೂರು ದಿನಕ್ಕೆ ಸರಣಿಯನ್ನೇ ಸೋತಿತು. ಡುರಾಂಟ್ ಮುಂದಿನ ಇಡೀ ಋತು ಆಡಲಿಲ್ಲ.

ದೊಣ್ಣೆ ಕಣ್ಣಿಗೆ ಕಾಣುತ್ತದೆ ಎಂಬುದು ಗಾದೆಯ ಒಳಗಿನ ನಂಬಿಕೆ. ಇಲ್ಲಿ ಅದು ಕಾಣಲಿಲ್ಲ. ಹೆಚ್ಚೆಂದರೆ ಮೀನಖಂಡ ಮತ್ತೆ ನೋಯಬಹುದು ಎಂದಷ್ಟೇ ಭಾವಿಸಿದ್ದೆವು ಎಂದು ತರಬೇತುದಾರ ಸ್ಟೀವ್ ಕರ್ ಬಳಿಕ ಹೇಳಿದರು. ಮೀನಖಂಡದ ಸ್ನಾಯುಗಳು ಹಿಮ್ಮಡಿಯ ಮೂಳೆಗೆ ಸೇರುವುದು ಅಕಿಲಿಸ್ ರಜ್ಜುವಿನ ಮೂಲಕವೇ. ಆದರೂ ಮೊದಲ ಗಾಯವೇ ಎರಡನೆಯದಕ್ಕೆ ಕಾರಣ ಎಂದು ಆಣೆಯಿಟ್ಟು ಹೇಳಲಾಗದು. ತಪ್ಪಿಸಿಕೊಂಡವರಿಗೆಲ್ಲ ಸಾವಿರ ವರ್ಷ ಸಿಕ್ಕಿದ್ದೂ ಇಲ್ಲ. 2011–12ರಲ್ಲಿ ಶಿಕಾಗೊ ಬುಲ್ಸ್‌ನ ಡೆರಿಕ್ ರೋಸ್ ನಾನಾ ನೋವುಗಳಿಂದ, ಮೊಟಕಾಗಿದ್ದ ಆ ಋತುವಿನ 66ರಲ್ಲಿ 27 ಪಂದ್ಯ ಬಿಟ್ಟಿದ್ದರು. ಆದರೂ ಮೊದಲ ಪ್ಲೇಆಫ್ ಪಂದ್ಯದಲ್ಲೇ ಅವರ ಎಡ ಮಂಡಿಯ ಅಸ್ಥಿಬಂಧ ಹರಿಯಿತು. ತಂಡ ಆಗ 12 ಅಂಕ ಮುಂದಿತ್ತು, ಆಟ ಮುಗಿಯಲು ಒಂದೂವರೆ ನಿಮಿಷವೂ ಇರಲಿಲ್ಲ. ಆ ಹೊತ್ತಿನಲ್ಲಿ ಅವರು ಅಂಕಣದಲ್ಲಿ ಇರಬೇಕಾಗಿಯೇ ಇರಲಿಲ್ಲ.

ಇಷ್ಟಾದರೂ ಆಟಗಾರರು ಬಗ್ಗುವುದಿಲ್ಲ. 1970ರ ಫೈನಲ್‌ನ ಏಳನೇ ಪಂದ್ಯಕ್ಕೆ ನ್ಯೂಯಾರ್ಕ್ ನಿಕ್ಸ್‌ನ ವಿಲ್ಲಿಸ್ ರೀಡ್ ತೊಡೆಯ ಸ್ನಾಯು ಹರಿದಿದ್ದರೂ ಕುಂಟುತ್ತ ಬಂದು ಮೊದಲೆರಡು ಬುಟ್ಟಿ ಹಾಕಿದ ಕಥೆಯನ್ನು ಎಲ್ಲರೂ ಬಲ್ಲರು. ಅಂದು 36 ಅಂಕ ಗಳಿಸಿ ಪಂದ್ಯ ಗೆಲ್ಲಿಸಿದ್ದು ವಾಲ್ಟ್ ಫ್ರೇಜಿಯರ್ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ರೀಡ್ ಗಳಿಸಿದ್ದು ನಾಲ್ಕೇ ಅಂಕ. 2025ರ ಫೈನಲ್‌ನ ಏಳನೇ ಪಂದ್ಯಕ್ಕೆ ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಕೂಡ ಮೀನಖಂಡದ ನೋವಿನಲ್ಲೇ ಇಳಿದು ಅಕಿಲಿಸ್ ಹರಿದುಕೊಂಡರು. ಪೇಸರ್ಸ್ ಸೋತಿತು. ಮುಂದಿನ ಇಡೀ ಋತುವಿಗೆ ಅವರಿಲ್ಲವೆಂದು ತಂಡ ಜುಲೈನಲ್ಲೇ ಪ್ರಕಟಿಸಿತು. ಅವರಾದರೋ, ಮತ್ತೊಮ್ಮೆ ಸಂದರ್ಭ ಬಂದರೂ ಹೀಗೆಯೇ ಆಡುವೆ ಎಂದು ಬರೆದರು. ಹೀಗೆನ್ನುವವರ ಕೈಗೆ ಆಡುವ ಬಿಡುವ ತೀರ್ಮಾನ ಒಪ್ಪಿಸುವುದು ಸರಿಯಲ್ಲ. ಗೆಲುವಿನ ಆಸೆಯಿರುವ ತರಬೇತುದಾರರಿಗೂ ಅದು ಸಲ್ಲದು. ಕೊನೆಯ ಮಾತು ತಂಡದ ಸಂಬಳದಲ್ಲಿಲ್ಲದ ವೈದ್ಯರದಾಗಬೇಕು.