ಹಿಕ್ಕೆಯ ಲೆಕ್ಕ

ಒಡಿಶಾದ ಚಿಲಿಕಾ ಸರೋವರದೊಳಗೆ ನಳಬನ ಎಂಬ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಅದು ಮುಳುಗಿಹೋಗುತ್ತದೆ. ನೀರಿಳಿದು ಕೆಸರು ಮೇಲೆದ್ದಾಗ ಸೈಬೀರಿಯಾ, ಮಧ್ಯ ಏಷ್ಯಾಗಳಿಂದ ಬಂದ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಇತ್ತೀಚಿನ ಜನವರಿ ಎಣಿಕೆಗಳಲ್ಲಿ ಇಡೀ ಸರೋವರದ ಹಕ್ಕಿಗಳ ಸಂಖ್ಯೆ 10 ಲಕ್ಷ ದಾಟಿದೆ. ಅಷ್ಟು ಹಕ್ಕಿ ಎಂದಮೇಲೆ ಅಷ್ಟು ಹಿಕ್ಕೆ. ಅದರಲ್ಲಿರುವ ಸಾರಜನಕ, ರಂಜಕಗಳಿಂದ ಪಾಚಿ ಬೆಳೆಯುತ್ತದೆ. ಪಾಚಿಯಿಂದ ಸಣ್ಣ ಜೀವಿಗಳು, ಅವುಗಳಿಂದ ಸಿಗಡಿ, ಮೀನು. ಮೀನಿನಿಂದ ಸುಮಾರು 2 ಲಕ್ಷ ಮೀನುಗಾರರ ಅನ್ನ. ವಿಜ್ಞಾನದ ಬರಹಗಳು ಇದನ್ನು ಹಕ್ಕಿಗಳ ‘ಕೊಡುಗೆ’ ಎನ್ನುತ್ತವೆ. ನನ್ನನ್ನು ಕಾಡುವುದು ಈ ಪದ.

ಕೊಡುತ್ತಿದ್ದೇನೆಂಬ ಅರಿವೇ ಇಲ್ಲದೆ ಕೊಟ್ಟದ್ದು ಕೊಡುಗೆಯೇ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತೇವೆ. ಬಾತುಕೋಳಿಗೆ ಎರಡೂ ಕೈಯಿಲ್ಲ. ಆದರೂ ಪಡೆದವರಿಗೆ ಋಣ ಅನ್ನಿಸಬಹುದು. ಸಮುದ್ರದಿಂದ ದೂರದ ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿನ ಮರದಡಿಯ ಹಿಕ್ಕೆಯನ್ನು ರೈತರು ಗೊಬ್ಬರ ಮಾಡಿಕೊಳ್ಳುತ್ತಾರೆ. ಹಕ್ಕಿಗಳನ್ನು ಮಾತ್ರ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ತವರಿಗೆ ಬಂದ ಮಗಳು ಏನು ತಂದಳೆಂದು ಯಾರೂ ತೂಕ ಹಾಕುವುದಿಲ್ಲ.

ತೂಕಕ್ಕೆ ಹಾಕಿದರೆ ತೊಡಕು ಶುರು. ಸರೋವರದ ಜಲಸಸ್ಯಗಳನ್ನೇ ಮೇದು ಅಲ್ಲೇ ಹಿಕ್ಕೆ ಹಾಕುವ ಬಾತು ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಇದ್ದದ್ದನ್ನೇ ಬೇಗ ಕರಗುವಂತೆ ಮಾಡುತ್ತದೆ, ಅಷ್ಟೆ. ಹೊರಗಿನ ಗದ್ದೆಯಲ್ಲಿ ಮೇದು ನೀರಿಗೆ ಮರಳುವ ಹಕ್ಕಿ ಮಾತ್ರ ನಿಜಕ್ಕೂ ಏನಾದರೂ ತರುತ್ತದೆ. ಹಾಗಾದರೆ ಮೊದಲನೆಯದರ ಬೆಲೆ ಕಡಿಮೆಯೇ? ಇನ್ನೊಂದು ವಿಚಿತ್ರವಿದೆ. ಇದೇ ಸಾರಜನಕ ಮಿತಿ ಮೀರಿದರೆ ಪಾಚಿ ಉಕ್ಕಿ, ಕೊಳೆತು, ನೀರಿನ ಆಮ್ಲಜನಕ ಕುಸಿಯುತ್ತದೆ. ಆಗ ‘ಕೊಡುಗೆ’ಯ ಹೆಸರು ‘ಮಾಲಿನ್ಯ’. ಮಹಾನದಿಯ ಕವಲುಗಳು ನಮ್ಮ ಹೊಲಗದ್ದೆಗಳ ಗೊಬ್ಬರವನ್ನು ಅಲ್ಲಿಗೇ ಹೊತ್ತು ತರುತ್ತವೆ. ಅದನ್ನು ಮನುಷ್ಯರ ಕೊಡುಗೆ ಎಂದು ಬರೆದವರನ್ನು ನಾನು ಕಂಡಿಲ್ಲ.

ಹಕ್ಕಿಯನ್ನು ಉಪಯೋಗದ ಆಧಾರದ ಮೇಲೆ ಉಳಿಸಲು ಹೊರಟವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಸರ್ಕಾರದ ಕಡತಕ್ಕೆ ಅಂಕಿಸಂಖ್ಯೆ ಬೇಕು, ನಿಜ. ಆದರೆ ಲೆಕ್ಕದಿಂದ ಬಂದ ರಕ್ಷಣೆ ಇನ್ನೊಂದು ಲೆಕ್ಕದಿಂದ ಹೋಗಬಹುದು.

ಚಿಲಿಕಾದ ದಡದ ಮಂಗಳಾಜೋಡಿಯಲ್ಲಿ ಒಂದು ಕಾಲಕ್ಕೆ ಹಕ್ಕಿ ಬೇಟೆಯಾಡುತ್ತಿದ್ದವರೇ ಈಗ ಕಾವಲುಗಾರರು. ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಹಕ್ಕಿ ತೋರಿಸುತ್ತಾರೆ. ಪ್ರವಾಸಿಗರು ಬಾರದ ವರ್ಷವೂ ಕಾಯುತ್ತೀರಾ ಎಂದು ಅವರನ್ನು ಕೇಳುವುದು ಸುಲಭ. ಹಿಕ್ಕೆಯಿಂದ ಸರೋವರಕ್ಕೆ ಏನೂ ಪ್ರಯೋಜನವಿಲ್ಲವೆಂದು ನಾಳೆ ಯಾರಾದರೂ ಸಾಬೀತು ಮಾಡಿದರೆ, ಹಕ್ಕಿಗಳ ಪರವಾಗಿ ನಾನು ಮುಂದಿಡುವ ಮೊದಲ ಮಾತು ಯಾವುದು?