ಪೂರ್ಣವೂ ಅಖಂಡವೂ

ಪೂರ್ಣ, ಅಖಂಡ ಎಂಬೆರಡು ಪದಗಳನ್ನು ಲೋಕರೂಢಿಯಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಪರಶಿವನು ಪೂರ್ಣನೆಂದೂ ಅಖಂಡನೆಂದೂ ಶಾಸ್ತ್ರಗಳು ಸಾರುವುದರಿಂದ ಅವೆರಡಕ್ಕೂ ಭೇದವಿಲ್ಲವೆಂದು ತೋರುವುದು ಸಹಜವೇ. ಆದರೆ ಶಬ್ದಗಳ ಹುಟ್ಟನ್ನು ವಿಚಾರಿಸಿದರೆ ಅವು ಬಂದ ದಾರಿಗಳು ಬೇರೆ. ತುಂಬುವುದೆಂಬ ಅರ್ಥದ ಧಾತುವಿನಿಂದಾದುದು ಪೂರ್ಣ. ಖಂಡವೆಂದರೆ ತುಂಡು, ತುಂಡಾಗದುದು, ಬಿರುಕಿಲ್ಲದುದು ಅಖಂಡ. ಪೂರ್ಣಕ್ಕೆ ವಿರೋಧಿಯಾದುದು ಕೊರತೆ; ಅಖಂಡಕ್ಕೆ ವಿರೋಧಿಯಾದುದು ಒಡಕು.

ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಒಕ್ಕಲುಮಕ್ಕಳಿಗೆ ಈ ಭೇದವನ್ನು ವ್ಯಾಕರಣವೇ ಕಲಿಸಬೇಕಾಗಿಲ್ಲ. ಮದಗದ ಕೆರೆ, ಅಯ್ಯನಕೆರೆಗಳನ್ನು ಕಂಡವರೆಲ್ಲ ಇದನ್ನು ಬಲ್ಲರು. ಮಳೆ ಬಾರದ ವರ್ಷ ಏರಿ ಎಷ್ಟು ಗಟ್ಟಿಯಾಗಿದ್ದರೂ ಕೆರೆ ಬರಿದು. ಅದು ಅಖಂಡವಾದರೂ ಪೂರ್ಣವಲ್ಲ. ಕೋಡಿ ಬೀಳುವಷ್ಟು ನೀರು ತುಂಬಿದ್ದರೂ ಏರಿಯೊಳಗೆ ಏಡಿ ತೋಡಿದ ಬಿಲವೊಂದಿದ್ದರೆ ಆ ಕೆರೆ ಪೂರ್ಣವಾದರೂ ಅಖಂಡವಲ್ಲ. ಬರಿದಾದ ಕೆರೆ ಮುಂದಿನ ಮಳೆಗೆ ಕಾದೀತು. ಒಡೆದ ಕೆರೆಯಾದರೋ ಬಂದ ನೀರನ್ನು ಕಳೆದುಕೊಳ್ಳುವುದಲ್ಲದೆ ಕೆಳಗಿನ ಗದ್ದೆಯನ್ನೂ ಕೊಚ್ಚಿಕೊಂಡು ಹೋಗುವುದು. ಮಳೆ ಮನುಷ್ಯನ ಕೈಯದಲ್ಲ; ಏರಿಯ ರಕ್ಷಣೆ ಅವನ ಕೈಯದು.

ಭಕ್ತಿಯ ವಿಷಯವೂ ಹೀಗೆಯೇ. ಹೃದಯವನ್ನು ತುಂಬುವುದು ಶಿವನ ಪ್ರಸಾದ. ಅದು ಸೋರದಂತೆ ಕಾಯುವುದು ಭಕ್ತನ ನಿಷ್ಠೆ. ಷಟ್‌ಸ್ಥಲಕ್ರಮದಲ್ಲಿ ನಿಷ್ಠಾಭಕ್ತಿಯ ಮಹೇಶಸ್ಥಲವು ಮೊದಲು, ಪ್ರಸಾದಿಸ್ಥಲವು ಅನಂತರ ಬರುವುದನ್ನು ಗಮನಿಸತಕ್ಕದ್ದು. ಏರಿಯಾದ ಮೇಲಲ್ಲವೇ ನೀರು!

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯು ಇದಕ್ಕೆ ನಿದರ್ಶನ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಆ ದಿನ ಚೀಲವು ಪೂರ್ಣವಾಗಿತ್ತು, ಆದರೆ ಕಾಯಕವು ಖಂಡವಾಗಿತ್ತು. ತುಂಬಿದ ಚೀಲದಲ್ಲಿ ಆಸೆಯೆಂಬ ಬಿರುಕನ್ನು ಆ ಶರಣೆ ಕಂಡಳು. ಹೆಚ್ಚಿನ ಅಕ್ಕಿಯಿಂದ ಇನ್ನಷ್ಟು ಜಂಗಮರಿಗೆ ದಾಸೋಹ ನಡೆಯುತ್ತಿತ್ತಲ್ಲವೇ ಎಂದು ಕೇಳಬಹುದು. ಒಡಕಿನ ಮೇಲೆ ನಿಂತ ಹೆಚ್ಚಳವು ದಾಸೋಹವಾಗದು ಎಂಬುದೇ ಆಕೆಯ ನಿಲುವು.

ಗೃಹಸ್ಥರು ತಮ್ಮನ್ನು ಅಳೆದುಕೊಳ್ಳಬೇಕಾದುದು ಈ ಅಳತೆಯಿಂದ. ಪ್ರಾತಃಕಾಲದ ಲಿಂಗಪೂಜೆಯಲ್ಲಿ ಕಣ್ಣು ತುಂಬಿ ಬಂದಿತು. ಅಂಗಡಿಯಲ್ಲಿ ತಕ್ಕಡಿ ಓಲಿತು. ಸಂಜೆ ತಮ್ಮನ ಪಾಲಿನ ಹೊಲದ ಬದುವನ್ನು ಒಂದು ಗೇಣು ಒತ್ತಿದ್ದಾಯಿತು. ಪೂಜೆ ಪೂರ್ಣವಾಯಿತು, ಭಕ್ತಿ ಮೂರು ತುಂಡಾಯಿತು. ಇನ್ನೊಬ್ಬನಿಗೆ ಪೂಜೆಗೆ ಹೆಚ್ಚು ಹೊತ್ತಿಲ್ಲ, ದಾಸೋಹಕ್ಕೆ ಹೆಚ್ಚು ಧಾನ್ಯವಿಲ್ಲ, ಮನಸ್ಸಿಗೆ ಆನಂದದ ಅನುಭವವೂ ಇನ್ನೂ ದೊರೆತಿಲ್ಲ. ಆದರೂ ಲಿಂಗದ ಮುಂದಿರುವ ಮನಸ್ಸೇ ಸಂತೆಯಲ್ಲಿಯೂ ಅವನೊಡನಿದೆ. ಅವನದು ಅಪೂರ್ಣವಾದ ಭಕ್ತಿಯಿರಬಹುದು, ಆದರೆ ಅಖಂಡವಾದ ಭಕ್ತಿ. ಅಂಥವನು ಎದೆಗುಂದಬೇಕಾಗಿಲ್ಲ. ಏರಿ ಭದ್ರವಾಗಿದೆ, ಮಳೆ ಬರತಕ್ಕದ್ದು, ಬಂದಾಗ ನಿಲ್ಲತಕ್ಕದ್ದು.

ಪರಶಿವನಲ್ಲಿ ಮಾತ್ರ ಈ ಎರಡು ಪದಗಳು ಒಂದಾಗುತ್ತವೆ. ಪೂರ್ಣದಿಂದ ಪೂರ್ಣವನ್ನು ತೆಗೆದರೂ ಪೂರ್ಣವೇ ಉಳಿಯುವುದೆಂದು ಈಶಾವಾಸ್ಯದ ಶಾಂತಿಮಂತ್ರವು ಹೇಳುವುದು ಆ ನಿಲುವನ್ನೇ. ಅಲ್ಲಿ ತುಂಬುವುದಕ್ಕೆ ಪಾತ್ರೆಯಿಲ್ಲ, ಒಡೆಯುವುದಕ್ಕೆ ಅಂಚಿಲ್ಲ. ಐಕ್ಯಸ್ಥಲದ ಸಮರಸವೆಂಬುದು ಅದೇ. ಅಲ್ಲಿಯವರೆಗೆ ಭಕ್ತನು ಪೂರ್ಣವನ್ನು ಬೇಡಲಿ, ಅಖಂಡವನ್ನು ಕಾಯಲಿ.