ಋಣವೂ ಸ್ಥಾನವೂ

ಯಾವನೊಬ್ಬನು ಬಹುಕಾಲ ಒಂದು ಸಂಸ್ಥೆಯ ಭಾರವನ್ನು ಹೊತ್ತು, ಹೊರುತ್ತಿರುವಾಗಲೇ ಮುಪ್ಪಿನ ಹೊಸ್ತಿಲಿಗೆ ಬಂದು ನಿಂತಿರುವನೋ, ಅವನ ವಿಷಯದಲ್ಲಿ ಆ ಸಂಸ್ಥೆಯು ನಡೆದುಕೊಳ್ಳತಕ್ಕ ಬಗೆ ಯಾವುದು? ಈ ಪ್ರಶ್ನೆಯು ಅರಮನೆಗಳಲ್ಲಿಯೂ ಮನೆಗಳಲ್ಲಿಯೂ ಹಿಂದಿನಿಂದ ಇದ್ದುದೇ. ಆದರೆ ಅಲ್ಲಿ ಅದು ದಾಕ್ಷಿಣ್ಯದ ಮುಸುಕಿನಲ್ಲಿ ಮರೆಯಾಗಿರುತ್ತದೆ. ಮುಸುಕಿಲ್ಲದೆ, ವರ್ಷವರ್ಷವೂ, ಕಾಗದದ ಮೇಲೆಯೇ ಅದು ಕಾಣಿಸಿಕೊಳ್ಳುವ ಎಡೆಯೊಂದುಂಟು. ಅದು ಯುರೋಪಿನ ಕಾಲ್ಚೆಂಡಿನ ತಂಡ. ಅಲ್ಲಿ ಆಟಗಾರನಿಗೂ ಸಂಸ್ಥೆಗೂ ಇಷ್ಟು ವರ್ಷವೆಂದು ಕರಾರಿರುತ್ತದೆ. ಪಂದ್ಯಗಳು ಮುಗಿದು ಬೇಸಗೆ ಬಂದಿತೆಂದರೆ, ಅವಧಿ ತೀರುವ ಕರಾರನ್ನು ಮುಂದುವರಿಸಬೇಕೋ ಬಿಡಬೇಕೋ ಎಂಬ ಮಾತು ಏಳುತ್ತದೆ. ಆ ಆಟಗಾರನು ವಯಸ್ಸು ಮೀರಿದ, ಹೆಸರಾಂತ ರಕ್ಷಕನಾಗಿದ್ದರೆ ಆ ಮಾತು ಲೆಕ್ಕದ ಪುಸ್ತಕವನ್ನು ಬಿಟ್ಟು ಧರ್ಮವಿಚಾರಕ್ಕೆ ಬಂದು ನಿಲ್ಲುತ್ತದೆ.

ರಕ್ಷಕನೆಂದರೆ ತನ್ನ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನು. ಗೋಲು ಹೊಡೆಯಬೇಕಾದವನು ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಗೆದ್ದರೆ ಜನರು ಅವನನ್ನು ಕೊಂಡಾಡುವರು. ರಕ್ಷಕನು ಹತ್ತು ಸಲ ಕಾಯ್ದು ಹನ್ನೊಂದನೆಯ ಸಲ ತಪ್ಪಿದರೆ ಹಿಂದಿನ ಹತ್ತೂ ಮರೆತುಹೋಗುವುವು. ಇಂಥವನ ಮೇಲೆ ವಯಸ್ಸು ಎರಡು ಬಗೆಯಾಗಿ ಕೆಲಸಮಾಡುತ್ತದೆ. ಕಾಲಿನ ವೇಗವು ಕುಗ್ಗುತ್ತದೆ. ಕಣ್ಣಿನ ವಿವೇಕವು ಬೆಳೆಯುತ್ತದೆ. ಚೆಂಡು ಎಲ್ಲಿಗೆ ಬರುವುದೆಂದು ಮೊದಲೇ ತಿಳಿದವನು ಓಡಬೇಕಾದುದೇ ಕಡಮೆ. ಆದುದರಿಂದ ಮುಪ್ಪಿನ ರಕ್ಷಕನು ನಷ್ಟವೋ ಲಾಭವೋ ಎಂಬುದು ಹುಟ್ಟಿದ ವರ್ಷವನ್ನು ನೋಡಿದ ಮಾತ್ರಕ್ಕೆ ತೀರ್ಮಾನವಾಗತಕ್ಕದ್ದಲ್ಲ.

ಇಲ್ಲಿ ಒಂದು ಪಕ್ಷದವರು ಹೇಳುವುದು ಹೀಗೆ: ಕೃತಜ್ಞತೆಗಿಂತ ಮಿಗಿಲಾದ ಧರ್ಮವಿಲ್ಲ, ಯೌವನವನ್ನು ಪಡೆದುಕೊಂಡ ಸಂಸ್ಥೆಯು ಮುಪ್ಪನ್ನೂ ಹೊರಬೇಕು. ಈ ಪಕ್ಷಕ್ಕೆ ಬಲವಾದ ಉದಾಹರಣೆ ಸ್ಪೇನ್ ದೇಶದ ಸೆರ್ಗಿಯೊ ರಾಮೋಸ್. 2005ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡಕ್ಕೆ ಬಂದ ಅವನು 16 ವರ್ಷ ಅಲ್ಲಿದ್ದು, 671 ಪಂದ್ಯಗಳನ್ನಾಡಿ, ಅನೇಕ ವರ್ಷ ನಾಯಕನೂ ಆಗಿದ್ದನು. 2014ರಲ್ಲಿ ಲಿಸ್ಬನ್ ನಗರದಲ್ಲಿ ನಡೆದ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದಲ್ಲಿ ತಂಡವು ಸೋತೇಹೋಯಿತೆನ್ನುವ ಹೊತ್ತಿಗೆ, 93ನೆಯ ನಿಮಿಷದಲ್ಲಿ, ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆದು ಅದನ್ನು ಉಳಿಸಿದವನು ಅವನೇ. ಇಂಥವನನ್ನು 2021ರಲ್ಲಿ, ಅವನ 35ನೆಯ ವಯಸ್ಸಿನಲ್ಲಿ, ಸಂಸ್ಥೆಯು ಬೀಳ್ಕೊಟ್ಟಿತು.

ಇನ್ನೊಂದು ಪಕ್ಷದವರ ವಾದವೇನೆಂದರೆ: ತಂಡವು ಅನ್ನಸತ್ರವಲ್ಲ. ಆಡತಕ್ಕವರು ಹನ್ನೊಂದು ಮಂದಿ ಮಾತ್ರ. ಒಬ್ಬ ವೃದ್ಧನು ನಿಂತ ಕಡೆ ಒಬ್ಬ ತರುಣನು ನಿಲ್ಲಲಾರನು. ನೆನ್ನೆಯ ಗೆಲವಿಗೆ ನೆನ್ನೆಯೇ ಸಂಬಳ ಸಂದಿದೆ. ನಾಳೆಯ ಆಟಕ್ಕೆ ನಾಳೆಯ ಶಕ್ತಿಯೇ ಬೇಕು. ಇವರೂ ರಾಮೋಸನ ಕಥೆಯನ್ನೇ ಸಾಕ್ಷಿಯಾಗಿ ಮುಂದಿಡಬಹುದು. ಅವನು ಹೋದ ಮರುವರ್ಷವೇ, 2022ರಲ್ಲಿ, ಅವನಿಲ್ಲದ ಆ ತಂಡವು ಸ್ಪೇನಿನ ಲೀಗನ್ನೂ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು. ಅವನಾದರೋ ಪ್ಯಾರಿಸಿಗೆ ಹೋಗಿ ಮೊದಲ ವರ್ಷದ ಬಹುಭಾಗವನ್ನು ಗಾಯದಲ್ಲಿಯೇ ಕಳೆದನು.

ಆದರೆ ಫಲವನ್ನು ನೋಡಿ ಧರ್ಮವನ್ನು ನಿರ್ಣಯಿಸಹೊರಟರೆ ಎದುರು ಸಾಕ್ಷಿಯೂ ಸಿದ್ಧವಾಗಿದೆ. ಬ್ರೆಜಿಲ್ ದೇಶದ ಥಿಯಾಗೊ ಸಿಲ್ವನು 2012ರಿಂದ ಎಂಟು ವರ್ಷ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡದ ರಕ್ಷಕನಾಗಿದ್ದನು. 2020ರಲ್ಲಿ, ಅವನಿಗೆ 35 ವರ್ಷವಾಗಿದ್ದಾಗ, ಸಂಸ್ಥೆಯು ಅವನ ಕರಾರನ್ನು ಮುಂದುವರಿಸದೆ ಬಿಟ್ಟಿತು. ಆ ಆಗಸ್ಟ್ 23ರಂದು ಅವನ ನಾಯಕತ್ವದಲ್ಲಿಯೇ ತಂಡವು ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯವನ್ನಾಡಿ, ಒಂದು ಗೋಲಿನಿಂದ ಬಯರ್ನ್ ಮ್ಯೂನಿಕ್ ತಂಡಕ್ಕೆ ಸೋತಿತು. ಕೆಲವೇ ದಿನಗಳಲ್ಲಿ ಅವನು ಲಂಡನ್ನಿನ ಚೆಲ್ಸಿ ತಂಡವನ್ನು ಸೇರಿದನು. ಅಲ್ಲಿಯ ಲೀಗಿನ ಮೊದಲನೆಯ ಪಂದ್ಯದಲ್ಲಿಯೇ ಅವನ ಕಾಲಿನಿಂದ ಚೆಂಡು ಜಾರಿ, ಎದುರಾಳಿಯು ಗೋಲು ಹೊಡೆದನು. ಮುದುಕನನ್ನು ತಂದುದು ತಪ್ಪಾಯಿತೆನ್ನಲು ಅಷ್ಟೇ ಸಾಕಾಗಿದ್ದಿತು. ಆದರೂ 2021ರ ಮೇ 29ರಂದು ಚಾಂಪಿಯನ್ಸ್ ಲೀಗನ್ನು ಗೆದ್ದುದು ಚೆಲ್ಸಿಯೇ. ಅದೇ ವರ್ಷ ಪ್ಯಾರಿಸಿನ ತಂಡವು ತನ್ನ ದೇಶದ ಲೀಗನ್ನೂ ಲೀಲ್ ತಂಡಕ್ಕೆ ಕಳೆದುಕೊಂಡಿತು. ಒಬ್ಬನನ್ನು ಬಿಟ್ಟವರು ಗೆದ್ದರು, ಒಬ್ಬನನ್ನು ಬಿಟ್ಟವರು ಸೋತರು. ಆದುದರಿಂದ ಫಲವು ಇಲ್ಲಿ ಪ್ರಮಾಣವಲ್ಲ. ಅದು ಎರಡು ಪಕ್ಷಕ್ಕೂ ಸಾಕ್ಷಿ ನುಡಿಯುವ ಸಾಕ್ಷಿ.

ಇದೇ ವಿವಾದವು ಭಾರತಕಥೆಯಲ್ಲಿಯೂ ಬಂದಿದೆ. ಭೀಷ್ಮನಿಗೆ ಸೇನಾಪತಿಯ ಪಟ್ಟವನ್ನು ಕಟ್ಟುವಾಗ ಕರ್ಣನು ಅವನ ಮುಪ್ಪನ್ನು ಹಳಿದುದನ್ನು ಪಂಪನ ವಾಚಕರೆಲ್ಲರೂ ಬಲ್ಲರು. ಕರ್ಣನ ತಪ್ಪು ಎಲ್ಲಿದೆ? ವೃದ್ಧನು ಯುದ್ಧಕ್ಕೆ ತಕ್ಕವನೋ ಎಂದು ಕೇಳಿದುದರಲ್ಲಿ ಅಲ್ಲ. ನರೆಯನ್ನು ನೋಡಿದ ಮಾತ್ರಕ್ಕೆ ಉತ್ತರವನ್ನೂ ತಾನೇ ಹೇಳಿಬಿಟ್ಟುದರಲ್ಲಿ. ಭೀಷ್ಮನ ಹಿರಿಮೆಯಾದರೂ ಅವನ ಶೌರ್ಯವೊಂದರಲ್ಲಿಯೇ ಇಲ್ಲ. ಪಾಂಡವರನ್ನು ತಾನು ಕೊಲ್ಲಲಾರೆನೆಂದು ಅವನು ದುರ್ಯೋಧನನಿಗೆ ಮೊದಲೇ ತಿಳಿಸಿದ್ದನೆಂದು ವ್ಯಾಸಭಾರತವು ಹೇಳುತ್ತದೆ. ತನ್ನ ಎಲ್ಲೆ ಇಷ್ಟೆಂದು ಹೇಳಿ ಪಟ್ಟವನ್ನು ಏರಿದವನು ವಂಚಕನಲ್ಲ. ಆದರೆ ಆ ಹತ್ತು ದಿನಗಳಲ್ಲಿ ಕರ್ಣನಂಥ ಬಿಲ್ಲಾಳು ತನ್ನ ಪಂತಕ್ಕೆ ಕಟ್ಟುಬಿದ್ದು ಯುದ್ಧದ ಹೊರಗೆ ಕುಳಿತಿದ್ದನೆಂಬುದನ್ನೂ ಮರೆಯಬಾರದು. ಒಬ್ಬ ಹಿರಿಯನನ್ನು ಇರಿಸಿಕೊಳ್ಳುವುದಕ್ಕೆ ಸಲ್ಲತಕ್ಕ ಬೆಲೆ ಒಂದು ಇದ್ದೇ ಇರುತ್ತದೆ. ಬಹುಸಲ ಅದನ್ನು ತೆರುವವನು ಹೊರಗೆ ಕುಳಿತ ಕಿರಿಯನು.

ಈಗ ಸಿದ್ಧಾಂತವನ್ನು ಹೇಳಬಹುದು. ಋಣವು ಮನುಷ್ಯನಿಗೆ ಸಲ್ಲತಕ್ಕದ್ದು. ಸ್ಥಾನವು ಕಾರ್ಯಕ್ಕೆ ಸಲ್ಲತಕ್ಕದ್ದು. ತಂಡದಲ್ಲಿಯ ಸ್ಥಾನವು ಸಂಸ್ಥೆಯ ಅಧಿಪತಿಗಳು ಮನಬಂದಂತೆ ದಾನಮಾಡಬಹುದಾದ ಸ್ವಂತ ಸೊತ್ತಲ್ಲ. ಅದರಲ್ಲಿ ಜೊತೆಯಲ್ಲಾಡುವ ಹತ್ತು ಮಂದಿಗೆ ಪಾಲುಂಟು, ಸರದಿಗಾಗಿ ಕಾದಿರುವ ತರುಣನಿಗೆ ಪಾಲುಂಟು, ಕೂಲಿಯ ಹಣದಲ್ಲಿ ಉಳಿಸಿ ಟಿಕೆಟ್ಟು ಕೊಂಡು ಬಂದವನಿಗೂ ಪಾಲುಂಟು. ತನ್ನ ಸಾಲವನ್ನು ಪರರ ಗಂಟಿನಿಂದ ತೀರಿಸುವವನು ಕೃತಜ್ಞನೆನ್ನಿಸಿಕೊಳ್ಳಲಾರನು. ಆದುದರಿಂದ ಹಳೆಯ ಸೇವೆಯೊಂದನ್ನೇ ಕಾರಣವಾಗಿ ಮಾಡಿಕೊಂಡು ಕರಾರನ್ನು ಮುಂದುವರಿಸುವುದು ಧರ್ಮವಲ್ಲ.

ಹಾಗಾದರೆ ಋಣವು ಏನಾಯಿತು? ಅದು ಹಾಗೆಯೇ ಇದೆ; ಮೂರು ಬಗೆಯಾಗಿ ತೀರತಕ್ಕದ್ದು.

ಮೊದಲನೆಯದು, ಪಕ್ಷಪಾತವಿಲ್ಲದ ಪರೀಕ್ಷೆ. ವಯಸ್ಸನ್ನಲ್ಲ, ಮನುಷ್ಯನನ್ನು ನೋಡಬೇಕು. ಚೆಲ್ಸಿಯಲ್ಲಿ 2021ರ ಜನವರಿಯಲ್ಲಿ ತಂಡದ ಭಾರವನ್ನು ವಹಿಸಿದ ಥಾಮಸ್ ಟುಖೆಲ್ ಮೂವರು ರಕ್ಷಕರನ್ನು ಸಾಲಾಗಿ ನಿಲ್ಲಿಸಿ, ಸಿಲ್ವನನ್ನು ನಡುವೆ ಇರಿಸಿದನು. ಅಕ್ಕಪಕ್ಕದವರು ಓಡುವರು, ನಡುವಿನವನು ನೋಡುವನು, ನಡಸುವನು. ಹಿರಿಯನಿಗೆ ತಕ್ಕ ಎಡೆಯೊಂದು ಉಂಟೋ ಎಂದು ಹುಡುಕುವ ಶ್ರಮವನ್ನು ಪಡದೆ ಅವನನ್ನು ಕೆಲಸಕ್ಕೆ ಬಾರದವನೆನ್ನುವುದು ಸೋಮಾರಿತನವೇ ಹೊರತು ವಿವೇಕವಲ್ಲ. ಸಂಸ್ಥೆಯು ಅವನ ಕರಾರನ್ನು ಒಂದೊಂದೇ ವರ್ಷ ಬೆಳಸುತ್ತ ಹೋಯಿತು. ಅವನೂ ಅದಕ್ಕೆ ಒಪ್ಪಿದನು. ವರ್ಷವರ್ಷವೂ ಪರೀಕ್ಷೆಗೆ ನಿಲ್ಲಲು ಒಪ್ಪುವುದು ಹಿರಿಯನ ಪಾಲಿನ ಧರ್ಮ. ತಾನು ಮಾಡಿದ ಉಪಕಾರವನ್ನು ಸಾಲಪತ್ರದಂತೆ ಎತ್ತಿಹಿಡಿದು ಸ್ಥಾನವನ್ನು ಕೇಳುವವನು ಆ ಉಪಕಾರವನ್ನು ತಾನೇ ಮಾರಿದಂತಾಗುತ್ತದೆ.

ಎರಡನೆಯದು, ಸಕಾಲದಲ್ಲಿ ಹೇಳಿದ ಸತ್ಯ. ರಾಮೋಸನ ಕಥೆಯಲ್ಲಿ ನೋವಾಗತಕ್ಕದ್ದು ಅವನನ್ನು ಬಿಟ್ಟುದಲ್ಲ. ಒಂದು ವರ್ಷದ ಕರಾರನ್ನು ಕಡಮೆ ಸಂಬಳಕ್ಕೆ ಕೊಡುವುದಾಗಿ ಸಂಸ್ಥೆಯು ಹೇಳಿದ್ದಿತು. ಎರಡು ವರ್ಷ ಬೇಕೆಂದಿದ್ದ ಅವನು ಕಡೆಗೆ ಒಂದಕ್ಕೇ ಒಪ್ಪಿದಾಗ, ಆ ಮಾತಿನ ಗಡುವು ಮುಗಿದಿದೆಯೆಂಬ ಉತ್ತರ ಬಂದಿತು. ಗಡುವೊಂದಿರುವುದೇ ತನಗೆ ತಿಳಿದಿರಲಿಲ್ಲವೆಂದು ಅವನು ಬೀಳ್ಕೊಡುಗೆಯ ದಿನ ಹೇಳಿದನು. ಗಡುವು ಇದ್ದಿತೆಂದು ಸಂಸ್ಥೆಯ ಪಕ್ಷ. ಯಾರ ಮಾತು ಸರಿಯಾಗಿದ್ದರೂ ಆಗಲಿ, 16 ವರ್ಷದ ಸಂಬಂಧವು ಒಂದು ತಾರೀಖಿನ ತಕರಾರಿನಲ್ಲಿ ಮುಗಿಯಬಾರದಾಗಿದ್ದಿತು. ಇಲ್ಲವೆಂಬ ಮಾತನ್ನು ಎದುರು ಕುಳಿತು, ಮುಂಚಿತವಾಗಿ ಹೇಳುವುದಕ್ಕೆ ಸಂಸ್ಥೆಗೆ ಯಾವ ವೆಚ್ಚವೂ ಇಲ್ಲ. ವೆಚ್ಚವಿಲ್ಲದ ಈ ಋಣವನ್ನೂ ತೀರಿಸದವನು ಬೇರೆ ಯಾವ ಋಣವನ್ನು ತೀರಿಸಿಯಾನು?

ಮೂರನೆಯದು, ಗೌರವ. ಇಟಲಿಯ ಪಾವೊಲೊ ಮಾಲ್ಡಿನಿಯು 1985ರಿಂದ 2009ರವರೆಗೆ ಮಿಲಾನ್ ತಂಡವೊಂದರಲ್ಲಿಯೇ ಆಡಿದನು, ಪಂದ್ಯಗಳು 902. 2007ರಲ್ಲಿ, 38ನೆಯ ವಯಸ್ಸಿನಲ್ಲಿ, ನಾಯಕನಾಗಿ ಚಾಂಪಿಯನ್ಸ್ ಲೀಗಿನ ಕಪ್ಪನ್ನು ಎತ್ತಿದವನು. ಅವನು ನಿವೃತ್ತನಾದಾಗ ಸಂಸ್ಥೆಯು ಅವನ 3ನೆಯ ಅಂಕವನ್ನು ಮತ್ತಾರೂ ತೊಡದಂತೆ ಎತ್ತಿಟ್ಟಿತು; ಅವನ ಮಕ್ಕಳು ಆ ತಂಡಕ್ಕೆ ಆಡಿದರೆ ಅವರಿಗೆ ಮಾತ್ರ ಅದು ಸಲ್ಲಬಹುದು. ಅಂಕವನ್ನು ಎತ್ತಿಟ್ಟರು, ಆ ಎಡೆಯಲ್ಲಿ ಬೇರೊಬ್ಬನನ್ನು ನಿಲ್ಲಿಸಿದರು. ಋಣವನ್ನೂ ಸ್ಥಾನವನ್ನೂ ಬೇರೆಬೇರೆಯಾಗಿ ತಿಳಿದವರ ನಡೆ ಇದು. ಆದರೆ ತವರಿನ ಅಂಗಳದಲ್ಲಿ ಅವನಾಡಿದ ಕಡೆಯ ಪಂದ್ಯದ ದಿನ, ಪ್ರೇಕ್ಷಕರಲ್ಲಿ ಕೆಲವರು ಅವನನ್ನು ನೋಡಿ ಸಿಳ್ಳು ಹಾಕಿದರು. ಕೃತಘ್ನತೆಯು ಅಧಿಪತಿಗಳ ಸೊತ್ತೇ ಅಲ್ಲವೆಂಬುದಕ್ಕೆ ಇಷ್ಟು ಸಾಕು.

ಕಡೆಗೆ ಸಿಲ್ವನ ಆ ಅಂತಿಮ ಪಂದ್ಯವನ್ನು ಇನ್ನೊಮ್ಮೆ ನೆನೆಯತಕ್ಕದ್ದು. ಜೀವಮಾನದ ಬಯಕೆಯು ಕೈಗೂಡುವ ಆ ದಿನ, 39ನೆಯ ನಿಮಿಷದಲ್ಲಿ ಅವನು ನೊಂದು ಅಂಗಳದಿಂದ ಹೊರಬಂದನು. ಉಳಿದ ಹೊತ್ತು ಅವನ ಎಡೆಯನ್ನು ಕಾಯ್ದವನು 25 ವರ್ಷದ ಆಂಡ್ರಿಯಾಸ್ ಕ್ರಿಸ್ಟೆನ್ಸನ್. ಅಲ್ಲಿಯವರೆಗೆ ತಂಡವನ್ನು ತಂದವನು ಹಿರಿಯನು, ದಡ ಮುಟ್ಟಿಸಿದವನು ಕಿರಿಯನು. ಪದಕವು ಇಬ್ಬರಿಗೂ ಸಂದಿತು. ಹಿರಿಯನನ್ನು ಇರಿಸಿಕೊಂಡ ತಂಡವು ಕಿರಿಯನನ್ನೂ ಸಿದ್ಧವಾಗಿರಿಸಿಕೊಂಡಿದ್ದಿತೆಂಬುದನ್ನು ಗಮನಿಸಬೇಕು. 2024ರಲ್ಲಿ, 39ನೆಯ ವಯಸ್ಸಿನಲ್ಲಿ, ಸಿಲ್ವನು ಚೆಲ್ಸಿಯನ್ನು ಬಿಟ್ಟುಹೋಗುವ ವಾರ್ತೆಯು ಏಪ್ರಿಲ್ ತಿಂಗಳಲ್ಲಿಯೇ ಎಲ್ಲರಿಗೂ ತಿಳಿದಿದ್ದಿತು. ಮುಂದಿನ ಪಂದ್ಯಗಳಲ್ಲಿ ಅವನಿಗೆ ವಿದಾಯ ಹೇಳಲು ಜನರಿಗೆ ಅವಕಾಶವಾಯಿತು.

ವೃದ್ಧನನ್ನು ಬೀಳ್ಕೊಡುವಾಗ ಬಾಗಿಲ ಬಳಿ ತರುಣನೊಬ್ಬನು ನಿಂತು ನೋಡುತ್ತಿರುತ್ತಾನೆ. ತನ್ನ ಹದಿನೈದು ವರ್ಷದ ದುಡಿಮೆಗೆ ಕೊನೆಯಲ್ಲಿ ಯಾವ ಮಾತು ಕಾದಿದೆಯೆಂಬುದನ್ನು ಅವನು ಅಂದೇ ಕಲಿಯುತ್ತಾನೆ. ಅವನಿಗೆ ಯಾವ ಪಾಠವನ್ನು ಹೇಳಿಕೊಡಬೇಕೆಂಬುದನ್ನು ಸಂಸ್ಥೆಯವರು ಕರಾರಿನ ಕಾಗದವನ್ನು ಮಡಿಸುವುದಕ್ಕೆ ಮುಂಚೆ ಯೋಚಿಸಿದರೆ ಒಳ್ಳೆಯದು.